ಆ ಕನ್ನಡಕ ಎಲ್ಲಿ ಹೋಯಿತು?

ಹನುಮಂತನಗರ, ಬೆಂಗಳೂರು

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. 'ಜಾಗತೀಕರಣ' ಅನ್ನೋ ಪದ ಹನ್ನೊಂದು ಕಡೆ ಬಂದಿದೆ, ಎಣಿಸಿದೆ. ಹನ್ನೊಂದನ್ನೂ ಹೊಡೆದುಹಾಕು. ಕಥೆಗೆ ಏನೂ ಆಗುವುದಿಲ್ಲ.

2002ರ ಸುಮಾರಿಗೆ ನಮ್ಮ ಮಹಡಿಯಲ್ಲಿ ಹಾಸನದ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದ. ಕಾಲ್ ಸೆಂಟರ್ ಕೆಲಸ. ಸಂಜೆಯಾದರೆ ಗೇಟಿನ ಮುಂದೆ ಟಾಟಾ ಸುಮೋ ಹಾರ್ನ್ ಹೊಡೆಯುತ್ತಿತ್ತು. ಅಮೆರಿಕದಲ್ಲಿ ಬೆಳಗಾಗುವ ಹೊತ್ತಿಗೆ ಇವನು ಹೆಡ್‌ಫೋನ್ ಹಾಕಿಕೊಂಡು 'ಕೆವಿನ್' ಆಗಬೇಕಿತ್ತು. ಒಂದು ಭಾನುವಾರ ಊರಿಂದ ಅವರಮ್ಮ ನಮ್ಮ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು. ಕರೆದೆ. ನಿದ್ದೆಗಣ್ಣಲ್ಲೇ ಇಳಿದು ಬಂದವನು ರಿಸೀವರ್ ಹಿಡಿದು, ಇಂಗ್ಲಿಷಿನಲ್ಲಿ, ಆ ಹೆಸರು ಹೇಳಿಬಿಟ್ಟ. ಲೈನ್ ಕ್ರಾಸ್ ಆಯಿತು ಅಂದುಕೊಂಡು ಅವರಮ್ಮ ಇಟ್ಟುಬಿಟ್ಟರು. ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಅವನು ಮೆಟ್ಟಿಲ ಮೇಲೆ ಕೂತ. ಎಸ್‌ಟಿಡಿ ಬೂತಿನಲ್ಲಿ ಅಮ್ಮ ಇನ್ನೊಂದು ಸಲ ದುಡ್ಡು ಕೊಡುತ್ತಾರೋ ಇಲ್ಲವೋ ಅಂತ ಕಾದ. ಮೇಲೆ ಹೋಗು ಅಂದರೂ ಏಳಲಿಲ್ಲ.

ನಾನು ಅದನ್ನು ಬರೆಯಬೇಕಿತ್ತು. ಬದಲಿಗೆ ಅದೇ ತಿಂಗಳು ಬಹುರಾಷ್ಟ್ರೀಯ ಕಂಪನಿಗಳು, ಕಳೆದುಹೋದ ಅಸ್ಮಿತೆ ಅಂತೆಲ್ಲ ಉದ್ದದ ಲೇಖನ ಬರೆದೆ. ಅದರ ಒಂದು ಸಾಲೂ ಈಗ ನನಗೇ ನೆನಪಿಲ್ಲ!

ಇನ್ನೊಂದು. ಎಲ್ಲ 1991ರಲ್ಲೇ, ಆರ್ಥಿಕ ಉದಾರೀಕರಣದಿಂದಲೇ ಶುರುವಾಯಿತು ಅಂದಿದ್ದೀಯ. ನಮ್ಮೂರಿನ ಲೆಕ್ಕ ಸ್ವಲ್ಪ ಬೇರೆ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಿದ್ದು 1985ರಲ್ಲಿ.

ನಿನ್ನ ನಾಯಕ 'ಮಹಾನಗರದಲ್ಲಿ ತನ್ನನ್ನು ತಾನು ಹುಡುಕುತ್ತಾನೆ'. ಎಲ್ಲಿ, ಯಾವ ಸ್ಟಾಪಿನಲ್ಲಿ? 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದ ಮೇಲೆ ಸೀಟಿಗಾಗಿ ಯಾರ ಜೊತೆಗೂ ಜಗಳವೇ ಆಡಿಲ್ಲ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್ ಅಂತ ಹೋದ ಸಲ ನೀನೇ ಹೇಳಿದ್ದೆ, ಅಲ್ವಾ? ಅದು ಕಥೆಯಲ್ಲಿ ಯಾಕಿಲ್ಲ?

ಕೊನೆಯ ಪುಟ ಎಐಗೆ ಕೊಟ್ಟು ತಿದ್ದಿಸಿದ್ದೀಯ ಅನಿಸುತ್ತದೆ. ಬೈಯುತ್ತಿಲ್ಲ. ಆದರೆ ನಿನ್ನ ಮೊದಲ ಕರಡು ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಹೀಗಿತ್ತು: 'ಅಪ್ಪ ಓಟಿಪಿ ಓದೋಕೆ ಕನ್ನಡಕ ಹುಡುಕೋಷ್ಟರಲ್ಲಿ ಟೈಮ್ ಮುಗಿದುಹೋಯ್ತು.' ಈಗ ಅದು 'ತಂತ್ರಜ್ಞಾನದ ವೇಗಕ್ಕೆ ತಂದೆ ಹೊಂದಿಕೊಳ್ಳಲಾರದೆ ಹೋದರು' ಅಂತಾಗಿದೆ. ತಪ್ಪೇನಿಲ್ಲ, ವ್ಯಾಕರಣವೂ ಸರಿಯಾಗಿದೆ. ನಿಮ್ಮಪ್ಪ ಮಾತ್ರ ಅಲ್ಲಿಲ್ಲ.

ಭಾನುವಾರ ಬಾ. ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯೋಣ. ಹಳೇ ಕರಡು ತರುತ್ತೇನೆ, ನೀನು ಪೆನ್ನು ತಾ.

ನಿನ್ನ
ಅಣ್ಣ