ಮಾಲ್ ಮೆನಿಂಗಾ ಕೋಚ್ ಆದ ಕಥೆ

ಪ್ರೀತಿಯ ಮಂಜು,

ದೊಡ್ಡ ಆಟಗಾರ ಒಳ್ಳೆಯ ಕೋಚ್ ಆಗಲಾರ ಅಂತ ಫೋನಿನಲ್ಲಿ ಹಟ ಹಿಡಿದೆಯಲ್ಲ. ದ್ರಾವಿಡ್ ಹೆಸರು ತೆಗೆದರೆ 'ಅದು ಬೇರೆ' ಅಂದೆ. ಗ್ರೆಗ್ ಚಾಪೆಲ್ ಅಂದರಂತೂ ನಿನಗೆ ಇವತ್ತಿಗೂ ಮೈ ಉರಿಯುತ್ತದೆ. ಕ್ರಿಕೆಟ್ ಸಾಕು ಬಿಡು. ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಮಾಲ್ ಮೆನಿಂಗಾ ಕಥೆ ಕೇಳು.

ರಗ್ಬಿ ಲೀಗ್‌ನಲ್ಲಿ ತಂಡಕ್ಕೆ 13 ಜನ. ಚೆಂಡು ಹಿಡಿದು ನುಗ್ಗಬೇಕು, ಎದುರಾಳಿಗಳು ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿಸಿಕೊಂಡರೆ ಚೆಂಡು ಅವರ ಪಾಲು. ಕಬಡ್ಡಿ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ.

ಮೆನಿಂಗಾ ಹುಟ್ಟಿದ್ದು 1960ರಲ್ಲಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಂಡಬರ್ಗ್‌ನಲ್ಲಿ. ಅದು ಕಬ್ಬಿನ ಸೀಮೆ. ಅಲ್ಲಿನ ಗದ್ದೆಗಳಲ್ಲಿ ದುಡಿಸಲು ಪೆಸಿಫಿಕ್ ದ್ವೀಪಗಳಿಂದ ಕರೆತಂದ ಜನರ ವಂಶದವನು ಅವನು. ಶುರುವಿಗೆ ಪೊಲೀಸ್ ಕೆಲಸದಲ್ಲಿದ್ದ.

ಆ ಕಾಲಕ್ಕೆ ಸಿಡ್ನಿಯ ಕ್ಲಬ್‌ಗಳ ಹತ್ತಿರ ದುಡ್ಡು ಜಾಸ್ತಿ. ಕ್ವೀನ್ಸ್‌ಲ್ಯಾಂಡಿನ ಒಳ್ಳೆಯ ಹುಡುಗರೆಲ್ಲ ಅಲ್ಲಿಗೆ ಹೋಗಿ, ಆಮೇಲೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಪರವಾಗಿ ತವರಿನ ಮೇಲೇ ಆಡುತ್ತಿದ್ದರು. ಕ್ವೀನ್ಸ್‌ಲ್ಯಾಂಡ್ ಸೋತು ಸೋತು ಬೇಸತ್ತ ಮೇಲೆ 1980ರಲ್ಲಿ ಹೊಸ ಪಂದ್ಯ ಬಂತು, ಸ್ಟೇಟ್ ಆಫ್ ಆರಿಜಿನ್. ಯಾವ ಕ್ಲಬ್‌ನಲ್ಲಿದ್ದರೂ ತವರು ರಾಜ್ಯಕ್ಕೇ ಆಡಬೇಕು. ಮೊದಲ ಪಂದ್ಯ ಜುಲೈ 8ರಂದು, ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ. ಅವತ್ತು ಮೆನಿಂಗಾಗೆ 20 ತುಂಬಿತು. ಕಂಬಗಳ ನಡುವೆ ಒದ್ದ ಏಳು ಗೋಲ್‌ಗಳಲ್ಲಿ ಒಂದೂ ತಪ್ಪಲಿಲ್ಲ. ಕ್ವೀನ್ಸ್‌ಲ್ಯಾಂಡ್ 20-10ರಲ್ಲಿ ಗೆದ್ದಿತು.

ಆಮೇಲೆ ಕ್ಯಾನ್‌ಬೆರಾ ರೈಡರ್ಸ್ ಕ್ಲಬ್ ಸೇರಿದ. ಒಂದೇ ತೋಳು ಮೇಲಿಂದ ಮೇಲೆ ಮುರಿಯಿತು, ಆದರೂ ವಾಪಸ್ ಬಂದ. 1989, 1990, 1994ರಲ್ಲಿ ನಾಯಕನಾಗಿ ಲೀಗ್ ಪ್ರಶಸ್ತಿ ಗೆದ್ದ. ಕ್ಲಬ್‌ಗೆ ಆಡಿದ ಕೊನೆಯ ಪಂದ್ಯ 1994ರ ಫೈನಲ್. ಅದರಲ್ಲೂ ಎದುರಾಳಿಯ ಪಾಸ್ ಕಸಿದುಕೊಂಡು ಓಡಿ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಪಾಯಿಂಟ್ ಗಳಿಸುವುದು) ಹೊಡೆದ!

ಈಗ ನಿನಗೆ ಖುಷಿಯಾಗುವ ಭಾಗ. 1997ರಿಂದ 2001ರವರೆಗೆ ಅದೇ ರೈಡರ್ಸ್‌ಗೆ ಕೋಚ್ ಆದ. ಒಂದು ಸಲವೂ ಫೈನಲ್ ಕಾಣಲಿಲ್ಲ. 2001ರಲ್ಲಿ ಚುನಾವಣೆಗೆ ನಿಲ್ಲುತ್ತೇನೆ ಅಂದ. ಮೊದಲ ರೇಡಿಯೊ ಸಂದರ್ಶನದಲ್ಲಿ ಮಾತು ತಡವರಿಸಿ, ಅಲ್ಲೇ ಹಿಂದೆ ಸರಿದ. (ನಮ್ಮ ರಾಜಕಾರಣಿಗಳಿಗೆ ಇಷ್ಟು ಸಂಕೋಚ ಇದ್ದಿದ್ದರೆ!)

ಅಂಥವನ ಕೈಗೆ 2006ರಲ್ಲಿ ಕ್ವೀನ್ಸ್‌ಲ್ಯಾಂಡ್ ತಂಡ ಬಂತು. ಅಷ್ಟರಲ್ಲಿ ಆರಿಜಿನ್ ವರ್ಷಕ್ಕೆ ಮೂರು ಪಂದ್ಯಗಳ ಸರಣಿಯಾಗಿತ್ತು, ತಂಡ ಸತತ ಮೂರು ಸರಣಿ ಸೋತಿತ್ತು. ಮೊದಲ ಪಂದ್ಯ ಒಂದೇ ಒಂದು ಪಾಯಿಂಟ್‌ನಲ್ಲಿ ಹೋಯಿತು. ಎರಡನೆಯದು ಗೆದ್ದರು. ಮೂರನೆಯದರಲ್ಲಿ, ಸೋಲು ಖಚಿತ ಅನ್ನುವಾಗ, ಎದುರಾಳಿಗಳ ದಿಕ್ಕುತಪ್ಪಿದ ಪಾಸ್ ಒಂದನ್ನು ನಾಯಕ ಡ್ಯಾರೆನ್ ಲಾಕ್ಯರ್ ಬಾಚಿಕೊಂಡು ಟ್ರೈ ಹೊಡೆದ. 16-14. ಅಲ್ಲಿಂದ 2013ರವರೆಗೆ ಸತತ ಎಂಟು ಸರಣಿ ಅವರದೇ. 2014ರಲ್ಲಿ ಸೋತು, 2015ರ ಕೊನೆಯ ಪಂದ್ಯದಲ್ಲಿ 52-6ರಲ್ಲಿ ಬಡಿದು ಸರಣಿ ಗೆದ್ದರು.

ಕ್ಯಾಮರಾನ್ ಸ್ಮಿತ್, ಥರ್ಸ್ಟನ್, ಸ್ಲೇಟರ್, ಇಂಗ್ಲಿಸ್ ಇದ್ದ ತಂಡಕ್ಕೆ ಯಾರು ಕೋಚ್ ಆದರೂ ಗೆಲ್ಲುತ್ತಿತ್ತು ಅನ್ನುತ್ತೀಯ. ಸ್ವಲ್ಪ ನಿಜ. ಆದರೆ ಕ್ಲಬ್ ಕೋಚ್‌ಗೆ ವರ್ಷವಿಡೀ ವಾರ ವಾರ ಪಂದ್ಯ, ತಂತ್ರ, ಗಾಯ, ಕಾಂಟ್ರಾಕ್ಟ್. ಆರಿಜಿನ್‌ನಲ್ಲಿ ಬರೀ ಮೂರು ಪಂದ್ಯ. ಸ್ಮಿತ್‌ಗೆ ಪಾಸ್ ಮಾಡೋದು ಯಾರೂ ಹೇಳಿಕೊಡಬೇಕಿಲ್ಲ. ಕ್ವೀನ್ಸ್‌ಲ್ಯಾಂಡಿನ ಆ ಮರೂನ್ ಜರ್ಸಿ ಏಕೆ ಬೇಕು ಅಂತ ಹೇಳಲು, ಅದನ್ನು ಮೊದಲ ಪಂದ್ಯದಲ್ಲೇ ತೊಟ್ಟವನಿಗಿಂತ ತಕ್ಕವರು ಯಾರಿದ್ದರು? ನನ್ನ ಪ್ರಕಾರ ಕೋಚ್ ಆಗಿ ಅವನು ಬದಲಾದದ್ದು ಕಡಿಮೆ, ಕೆಲಸ ಬದಲಾಯಿತು. ಆಸ್ಟ್ರೇಲಿಯಾ ತಂಡದ ಕೋಚ್ ಆಗಿ ಎರಡು ವಿಶ್ವಕಪ್ ಗೆದ್ದದ್ದೂ ಇಂಥದೇ ಚಿಕ್ಕ ಟೂರ್ನಿಗಳಲ್ಲಿ.

ಅದಕ್ಕೇ ಮುಂದಿನದು ನನಗೂ ಕುತೂಹಲ. 2027ರಲ್ಲಿ ಲೀಗಿಗೆ ಸೇರಲಿರುವ ಪರ್ತ್ ಬೇರ್ಸ್‌ಗೆ ಅವನೇ ಮೊದಲ ಕೋಚ್. ಮತ್ತೆ ಕ್ಲಬ್, ಅದೂ ಸೊನ್ನೆಯಿಂದ ಕಟ್ಟಬೇಕಾದ್ದು. ನನ್ನ ವಾದದ ಪ್ರಕಾರವೇ ಅವನಿಗೆ ಕಷ್ಟ ಆಗಬೇಕು, ಅಲ್ವಾ? ಆದರೂ ಒಂದು ಮಸಾಲೆ ದೋಸೆ ಅವನ ಮೇಲೆ ಕಟ್ಟುತ್ತೇನೆ. ನೀನು ಯಾವ ಕಡೆ, ಬರೆ.

ನಿನ್ನ,
ಸುರೇಶ