ಹುಲಿ-ಕುರಿ ಆಟ: ಚಿತ್ರದಲ್ಲಿ ಆರು ಮನೆ ಕಾಣೆ

ಮಾನ್ಯ ಸಂಪಾದಕರೇ,

ಮಳೆ ರಜೆಯಲ್ಲಿ ಮನೆಯೊಳಗೆ ಕೂತ ಮಕ್ಕಳಿಗೆಂದು ತಮ್ಮ ಪತ್ರಿಕೆಯ ಕೊಡಗು ಪುಟದಲ್ಲಿ ಹುಲಿ-ಕುರಿ ಆಟದ ವಿಧಾನವನ್ನು ಚಿತ್ರಸಮೇತ ಕೊಟ್ಟಿದ್ದು ಸಂತೋಷ. ಹುಲಿ ಕುರಿಯನ್ನು ಹಾರಿ ತಿನ್ನುವ, ಕುರಿಗಳು ಸೇರಿ ಹುಲಿಗಳನ್ನು ಕದಲದಂತೆ ಕಟ್ಟುವ ಆಟವಿದು. ಆದರೆ ಆ ಚಿತ್ರದಂತೆ ಆಟ ನಡೆಯುವುದಿಲ್ಲ. ಎಣಿಸಿ ನೋಡಿ, ಅದರಲ್ಲಿರುವುದು 17 ಮನೆ, ಅಂದರೆ ಗೆರೆ ಕೂಡುವಲ್ಲಿ ಕಾಯಿ ಇಡುವ ಜಾಗ. ಹುಲಿ 3, ಕುರಿ 15, ಸೇರಿ 18 ಕಾಯಿ. ಒಂದು ಕುರಿಯನ್ನೂ ಕಳೆದುಕೊಳ್ಳದೆ ಚೆನ್ನಾಗಿ ಆಡಿದವನಿಗೆ ಕೊನೆಯ ಕುರಿ ಇಡಲು ಜಾಗವೇ ಇರುವುದಿಲ್ಲ!

ಬಿಟ್ಟುಹೋಗಿರುವುದು ತ್ರಿಕೋನದ ಆಚೆಗೆ ಚಾಚುವ ಎರಡು ರೆಕ್ಕೆಗಳು. ಸರಿಯಾದ ಪಟದಲ್ಲಿ 23 ಮನೆ. ಬರೆಯುವ ಅಳತೆ ಹೀಗಿದೆ. ದಪ್ಪ ರಟ್ಟಿನ ಮೇಲೆ 36 ಸೆಂ.ಮೀ. ಉದ್ದದ ತಳಗೆರೆ ಎಳೆದು, ಅದನ್ನು 12 ಸೆಂ.ಮೀ.ಗೊಂದರಂತೆ ಮೂರು ಪಾಲು ಮಾಡಿದರೆ ನಾಲ್ಕು ಚುಕ್ಕೆ ಸಿಗುತ್ತವೆ. ತಳದ ನಟ್ಟನಡುವಿನಿಂದ 40 ಸೆಂ.ಮೀ. ಮೇಲೆ ನೆತ್ತಿಯ ಚುಕ್ಕೆ. ನೆತ್ತಿಯಿಂದ ಆ ನಾಲ್ಕಕ್ಕೂ ನೇರ ಗೆರೆ ಎಳೆಯಿರಿ. ಈಗ ನೆತ್ತಿಯಿಂದ ಕೆಳಕ್ಕೆ 16, 24 ಮತ್ತು 32 ಸೆಂ.ಮೀ. ದೂರದಲ್ಲಿ ಮೂರು ಅಡ್ಡಗೆರೆ. ತಪ್ಪಾಗುವುದು ಇಲ್ಲೇ. ಅಡ್ಡಗೆರೆಗಳು ತ್ರಿಕೋನದ ಅಂಚಿಗೆ ನಿಲ್ಲಬಾರದು. ಮೂರೂ 40 ಸೆಂ.ಮೀ. ಉದ್ದವಿರಬೇಕು, ಎಡಕ್ಕೂ ಬಲಕ್ಕೂ ಸಮನಾಗಿ ಹೊರಚಾಚಬೇಕು. ಕೊನೆಗೆ ಎಡತುದಿ ಮೂರನ್ನು ಒಂದು ನಿಲುಗೆರೆಯಿಂದಲೂ, ಬಲತುದಿ ಮೂರನ್ನು ಇನ್ನೊಂದರಿಂದಲೂ ಸೇರಿಸಬೇಕು. ನೆತ್ತಿ 1, ಅಡ್ಡಗೆರೆಗೆ ಆರರಂತೆ 18, ತಳದಲ್ಲಿ 4, ಲೆಕ್ಕ ಸರಿಹೋಯಿತು.

ನಿಲುಗೆರೆ ಮರೆತರೂ ಮನೆಗಳ ಎಣಿಕೆ 23 ಎಂದೇ ಬರುತ್ತದೆ, ಹಾಗಾಗಿ ಈ ತಪ್ಪು ಬೇಗ ಕಣ್ಣಿಗೆ ಬೀಳದು. ಆದರೆ ಆಗ ಪ್ರತಿ ರೆಕ್ಕೆಯ ತುದಿಯೂ ದಾರಿ ಮುಚ್ಚಿದ ಓಣಿ. ಅಲ್ಲಿಗೆ ಹೋದ ಹುಲಿಯನ್ನು ಒಂದರ ಹಿಂದೊಂದು ನಿಂತ ಎರಡೇ ಕುರಿ ಕಟ್ಟಿಹಾಕುತ್ತವೆ.

ಇನ್ನು ನಿಯಮ. ಹುಲಿಗಳು ನೆತ್ತಿಯಲ್ಲೊಂದು, ಮೇಲಿನ ಅಡ್ಡಗೆರೆಯ ನಡುವಿನ ಎರಡು ಮನೆಗಳಲ್ಲಿ ಒಂದೊಂದು. ಹುಲಿಗಳನ್ನೂ ಸರದಿಯಂತೆ ಬೇಕಾದಲ್ಲಿ ಇಡುವವರಿದ್ದಾರೆ, ಮೊದಲೇ ಮಾತಾಡಿಕೊಂಡರೆ ಆಯಿತು. ಕುರಿಯವರು ಒಂದು ಕುರಿ ಇಡುತ್ತಾರೆ, ಹುಲಿಯವರು ಒಂದು ನಡೆ ನಡೆಸುತ್ತಾರೆ. ಹದಿನೈದೂ ಇಟ್ಟು ಮುಗಿಯುವವರೆಗೆ ಇಟ್ಟ ಕುರಿ ಕದಲುವಂತಿಲ್ಲ. ತಮ್ಮ ಪುಟದಲ್ಲಿ ‘ಇಡಬಹುದು ಅಥವಾ ನಡೆಸಬಹುದು’ ಎಂದು ಅಚ್ಚಾಗಿದೆ. ಹಾಗೆ ಬಿಟ್ಟರೆ ಹುಲಿ ಹಾರುವ ಮುನ್ನ ಕುರಿ ಪಕ್ಕಕ್ಕೆ ಸರಿಯುತ್ತದೆ, ಹುಲಿಗೆ ಆಟವೇ ಇಲ್ಲ. ಹುಲಿ ಗೆರೆಯ ಮೇಲೆ ಪಕ್ಕದ ಖಾಲಿ ಮನೆಗೆ ಹೋಗಬಹುದು, ಇಲ್ಲವೇ ಪಕ್ಕದ ಕುರಿಯನ್ನು ಅದೇ ಗೆರೆಯಲ್ಲಿ ನೇರ ಹಾರಿ ಆಚೆಯ ಖಾಲಿ ಮನೆಯಲ್ಲಿ ಕೂತು ಅದನ್ನು ತಿನ್ನಬಹುದು. ಒಂದು ನಡೆಗೆ ಒಂದೇ ಕುರಿ. ಹುಲಿಯನ್ನು ಹುಲಿ ಹಾರುವಂತಿಲ್ಲ. ಹೆಚ್ಚು ಜಗಳ ಬರುವುದು ನೆತ್ತಿಯಲ್ಲಿ. ಅಲ್ಲಿ ನಾಲ್ಕೂ ಗೆರೆ ಕೊನೆಯಾಗುತ್ತವೆ. ಆದ್ದರಿಂದ ನೆತ್ತಿಯ ಕುರಿಯನ್ನು ಒಂದು ಗೆರೆಯಿಂದ ಹತ್ತಿ ಇನ್ನೊಂದರಲ್ಲಿ ಇಳಿದು ತಿನ್ನಲಾಗದು.

ತಮ್ಮ ಪುಟದಲ್ಲಿರುವ ‘ಐದು ಕುರಿ ತಿಂದರೆ ಹುಲಿಗೆ ಗೆಲುವು’ ಎಂಬುದು ನೇಪಾಳದ ಬಾಘ್‌ಚಾಲ್ ಆಟದ ಲೆಕ್ಕ. ಅಲ್ಲಿ 25 ಮನೆ, 4 ಹುಲಿ, 20 ಕುರಿ. ನಮ್ಮ ಪಟಕ್ಕೆ ಊರೂರಿಗೆ ಒಂದೊಂದು ಲೆಕ್ಕವಿದೆ. ಆರಕ್ಕೆ ನಿಲ್ಲಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮೂರು ಹುಲಿಗಳನ್ನು ಬೇರೆಬೇರೆ ಮೂಲೆಗಳಲ್ಲಿ ಕಟ್ಟಲು ತಲಾ ನಾಲ್ಕರಂತೆ 12 ಕುರಿ ಬೇಕು, ಪಕ್ಕದಲ್ಲಿ ಎರಡು, ಅವುಗಳ ಬೆನ್ನಿಗೆ ಎರಡು. ಒಂಬತ್ತೇ ಉಳಿದಾಗ ಹುಲಿಯವರು ಎಡವಿದರಷ್ಟೇ ಕುರಿಗೆ ಆಸೆ. ಎಡವುವುದೂ ಉಂಟು. ಮೂರು ಹುಲಿಯೂ ಒಂದೇ ನಿಲುಗೆರೆಯ ಮೇಲೆ ಸಾಲಾಗಿ ನಿಂತರೆ ಆರೇ ಕುರಿ ಸಾಕು. ಒಂದು ಹುಲಿ ಇನ್ನೊಂದರ ದಾರಿಯನ್ನು ತಾನೇ ಮುಚ್ಚಿರುತ್ತದೆ.

ಕುರಿ ಆಡುವ ಮಕ್ಕಳು ಸೋಲುವುದು ಸಾಮಾನ್ಯವಾಗಿ ಮೊದಲ ಐದಾರು ಕುರಿಗಳಲ್ಲೇ. ಹುಲಿಗಳು ಮೇಲಿವೆಯೆಂದು ಅಲ್ಲೇ ಬೇಲಿ ಕಟ್ಟಲು ಹೋಗುತ್ತಾರೆ. ಕಟ್ಟಬೇಕಾದದ್ದು ಹೊರಗಿನಿಂದ, ಕೆಳಗಿನಿಂದ. ಈ ಪಟದಲ್ಲಿ ಯಾವ ಕಡೆಯಿಂದಲೂ ಹಾರಲಾಗದ ಮನೆಗಳು ಏಳು: ನೆತ್ತಿ, ರೆಕ್ಕೆಗಳ ನಾಲ್ಕು ಮೂಲೆ, ತಳದ ಎರಡು ಮೂಲೆ. ನೆತ್ತಿಯಲ್ಲಿ ಹುಲಿಯಿದೆ, ಮೊದಲ ಆರು ಕುರಿ ಉಳಿದ ಆರಕ್ಕೆ. ಆಮೇಲೆ ನಿಲುಗೆರೆಗಳ ನಡುಮನೆ ಎರಡು, ತಳದ ಒಳಮನೆ ಎರಡು. ಮೂಲೆಗಳು ತುಂಬಿರುವುದರಿಂದ ಇವುಗಳ ಬೆನ್ನಿಗೂ ಆಸರೆಯಿದೆ. ಹತ್ತಾಯಿತು. ನಂತರ ಕೆಳಗಿನ ಅಡ್ಡಗೆರೆಯ ನಾಲ್ಕು ಮನೆ, ಅಂಚಿನಿಂದ ಒಳಕ್ಕೆ. ಹದಿನೈದನೆಯದು ನಡುವಿನ ಅಡ್ಡಗೆರೆಯಲ್ಲಿ, ರೆಕ್ಕೆಗೆ ತಾಗಿದ ಮನೆಗೆ. ಹುಲಿ ಸುಮ್ಮನಿದ್ದರೆ ಒಂದು ಕುರಿಯೂ ಹೋಗದು.

ಹುಲಿ ಸುಮ್ಮನಿರುವುದಿಲ್ಲವಲ್ಲ. ಹುಲಿ ಆಡುವವರು ಮೊದಲ ಹತ್ತು ನಡೆಯೊಳಗೆ ಕೆಳಗಿಳಿದು ಆ ಹೊರಸುತ್ತಿನ ಒಂದು ಮನೆಯಲ್ಲಾದರೂ ಕೂರಬೇಕು. ಸುತ್ತು ಅಲ್ಲಿ ತುಂಡಾದರೆ ಅಕ್ಕಪಕ್ಕದ ಕುರಿಗಳ ಬೆನ್ನು ಬರಿದಾಗುತ್ತದೆ. ಆದರೆ ಅಲ್ಲೇ ಮೈಮರೆತರೆ ನಾಲ್ಕು ಕುರಿ ಬಂದು ಕಟ್ಟುತ್ತವೆ. ಪಟದ ನಡುವೆ ನಿಂತ ಒಂಟಿ ಹುಲಿಗಾದರೆ ಎಂಟು ಬೇಕು. ಹುಲಿಯ ನಿಜವಾದ ಅಸ್ತ್ರ ಒಂದೇ ನಡೆಯಲ್ಲಿ ಎರಡು ಕುರಿಗೆ ಬಾಯಿ ಹಾಕುವುದು. ಕುರಿಯವರು ಒಂದರ ಬೆನ್ನು ಮುಚ್ಚಬಹುದು, ಇನ್ನೊಂದು ಹುಲಿಯ ಪಾಲು. ತಿನ್ನುವುದು ಕಡ್ಡಾಯವೆಂದು ಮಾತ್ರ ಮಾಡಿಕೊಳ್ಳಬೇಡಿ. ಹಾಗಾದರೆ ಕುರಿಯವರು ಒಂದು ಕುರಿಯನ್ನು ಬೇಕೆಂದೇ ಬಲಿಕೊಟ್ಟು ಹುಲಿಯನ್ನು ಮೂಲೆಗೆ ಎಳೆಯುತ್ತಾರೆ.

ಹದಿನೈದೂ ಇಟ್ಟ ಮೇಲೆ ಐದೇ ಮನೆ ಖಾಲಿ, ಎಲ್ಲವೂ ಮೇಲ್ಗಡೆ. ಕುರಿಯವರು ಗೆದ್ದೆವೆಂದುಕೊಳ್ಳುವ ಹೊತ್ತು ಅದು, ಕುರಿ ಹೋಗುವುದೂ ಆಗಲೇ. ಈಗ ಕುರಿ ನಡೆಯಲೇಬೇಕು, ಮುಂದೆ ಇಟ್ಟ ಪ್ರತಿ ಹೆಜ್ಜೆಗೂ ಅದರ ಬೆನ್ನ ಹಿಂದೆ ಒಂದು ಗುಂಡಿ. ನಡುವಿನ ಅಡ್ಡಗೆರೆಯ ಕುರಿ ಮೇಲಿನದಕ್ಕೆ ಏರಿದ ಕೂಡಲೇ ನೆತ್ತಿಯ ಹುಲಿ ಅದನ್ನು ಹಾರಿ, ಅದು ಬಿಟ್ಟುಬಂದ ಮನೆಯಲ್ಲೇ ಕೂರುತ್ತದೆ. ಆದ್ದರಿಂದ ಏರುವ ಗೆರೆಯ ಎದುರಿಗೆ ಹುಲಿಯಿಲ್ಲದಾಗ ಏರಿ, ಮುಂದಿನ ನಡೆಯಲ್ಲೇ ಹಿಂದಿನ ಕುರಿಯನ್ನು ಮೇಲೆ ತಂದು ಗುಂಡಿ ಮುಚ್ಚಿ.

ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದರೆ ಒಬ್ಬರು ಹುಲಿ, ಉಳಿದವರೆಲ್ಲ ಕುರಿ. ಕುರಿಯವರು ಸರದಿಯಂತೆ ಒಬ್ಬೊಬ್ಬರು ಒಂದೊಂದು ನಡೆ ಮಾಡಲಿ, ಸಲಹೆ ಏನಿದ್ದರೂ ಗಟ್ಟಿಯಾಗಿಯೇ ಹೇಳಲಿ. ಹುಲಿಯವರಿಗೂ ಅದು ಕೇಳಿಸುವುದರಿಂದ ಆಟಕ್ಕೆ ರಂಗೇರುತ್ತದೆ.

ಕಾಯಿಗೆ ಅಂಗಡಿಗೆ ಹೋಗಬೇಕಿಲ್ಲ. ಕುರಿಗೆ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಳು. ಅದರ ಒಂದು ಬದಿ ಚಪ್ಪಟೆ, ಇಟ್ಟಲ್ಲೇ ಕೂರುತ್ತದೆ. ಇಡಿಯಾಗಿ ಒಣಗಿದ ಕಾಫಿ ಹಣ್ಣು (ಚೆರಿ) ಉರುಳಿ ಪಕ್ಕದ ಮನೆಗೆ ಹೋಗುತ್ತದೆ, ಬೇಡ. ಹುಲಿಗೆ ಅಡಿಕೆ ಹೋಳು. ಜುಲೈ ತಿಂಗಳಲ್ಲಿ ನೆಲ ಬೆವರುವುದರಿಂದ ಸೀಮೆಸುಣ್ಣದ ಗೆರೆ ನಿಲ್ಲದು, ರಟ್ಟೇ ಸರಿ.

ತೀರಾ ಚಿಕ್ಕವರಿಗೆ ಈ ಪಟ ದೊಡ್ಡದಾಯಿತು. ಅವರಿಗೆ ಕವ್ವಾ ಆಟ ಇದೆ, ಒಂದು ಹದ್ದು ಮತ್ತು ಏಳು ಕಾಗೆ. ಕೈ ಎತ್ತದೆ ಬರೆಯುವ ಐದು ಮೂಲೆಯ ನಕ್ಷತ್ರವೇ ಪಟ, ಹೊರಗೆ ಐದು ತುದಿ, ಒಳಗೆ ಗೆರೆ ಕೂಡುವ ಐದು ಮನೆ. ಮೊದಲು ಒಂದು ಕಾಗೆ, ಆಮೇಲೆ ಹದ್ದು, ಹೀಗೆ ಸರದಿ. ಹಾರುವ ನಿಯಮ, ಇಟ್ಟು ಮುಗಿಯುವವರೆಗೆ ಕದಲಬಾರದೆಂಬ ನಿಯಮ, ಎರಡೂ ಹುಲಿ-ಕುರಿಯದ್ದೇ. ಹದ್ದು ತುದಿಯಲ್ಲಿ ಕೂತರೆ ನಾಲ್ಕು ಕಾಗೆ ಸೇರಿ ಕಟ್ಟಬಹುದು, ಒಳಮನೆಯಲ್ಲಿದ್ದರೆ ಆರು ಬೇಕು. ನಾಲ್ಕು ಕಾಗೆ ತಿಂದರೆ ಹದ್ದಿಗೆ ಗೆಲುವು ಎನ್ನುವುದು ಅದಕ್ಕೇ. ಉಳಿಯುವ ಮೂರರಿಂದ ಎಲ್ಲಿಯೂ ಕಟ್ಟಲಾಗದು.

ತಲೆಬರಹದ ಬಗ್ಗೆ ಒಂದು ಮಾತು. ‘ವೀರ ಕುರಿಗಳು, ದುಷ್ಟ ಹುಲಿ’ ಎಂದು ಹಾಕಿದ್ದೀರಿ. ಹುಲಿ ಕೊಂದ ವೀರನಿಗೆ ಹಿಂದೆ ನರಿಮಂಗಲ ಮಾಡಿ, ಆ ಹುಲಿಯೊಂದಿಗೇ ಮದುವೆಯ ಶಾಸ್ತ್ರ ನಡೆಸುತ್ತಿದ್ದ ನಾಡು ಇದು. ಇಲ್ಲಿ ಹುಲಿಯನ್ನು ಬರೀ ದುಷ್ಟ ಎಂದರೆ ಯಾರು ಒಪ್ಪುತ್ತಾರೆ? ಈ ಆಟದಲ್ಲಂತೂ ಕುರಿ ಹುಲಿಯನ್ನು ಕೊಲ್ಲುವುದೇ ಇಲ್ಲ, ನಿಂತಲ್ಲೇ ನಿಲ್ಲಿಸುತ್ತದೆ ಅಷ್ಟೆ. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ‘ನರಿ’ ಎಂದರೆ ಹುಲಿ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಇಲ್ಲವಾದರೆ ಅಜ್ಜಿ ‘ನರಿ’ ಎಂದಾಗ ಶಾಲೆಯ ಕನ್ನಡ ಕಲಿತ ಮೊಮ್ಮಗು ಬೇರೆ ಪ್ರಾಣಿಯನ್ನು ಹುಡುಕುತ್ತದೆ.

ಚಿತ್ರವನ್ನು ಮತ್ತೆ ಅಚ್ಚು ಹಾಕುವಿರಾದರೆ 23 ಮನೆಗೂ ಚುಕ್ಕೆ ಹಾಕಿಸಿ, ಎರಡೂ ನಿಲುಗೆರೆ ಬಂದಿವೆಯೇ ಎಂದು ದಯವಿಟ್ಟು ನೋಡಿ. ಪುಟದ ಅಗಲ ಸಾಲದೆ ರೆಕ್ಕೆ ಕತ್ತರಿಸುವಂತಿದ್ದರೆ ಇಡೀ ಚಿತ್ರವನ್ನೇ ಕುಗ್ಗಿಸಿ.

— ಇಬ್ಬರು ಓದುಗರು, ವಿರಾಜಪೇಟೆ