ಚಿಕ್ಕಪ್ಪ ಅಂದರೆ ಯಾರು?

ಶಾಂಘೈ

ಪ್ರೀತಿಯ ಕೂಸೇ,

ಮುಂಜಿ ಮನೆಯಲ್ಲಿ ಎಲ್ಲರೂ "ನನ್ನ ಗುರ್ತಾಯ್ತಾ?" ಅಂತ ಕೇಳಿ ಕೇಳಿ ಸುಸ್ತು ಮಾಡಿದರು ಅಂತ ಬರೆದಿದ್ದೀಯ. ಅಷ್ಟು ಜನ ಮಾವಂದಿರು, ಚಿಕ್ಕಿಯರು, ಯಾರು ನಮಗೆ ಏನಾಗಬೇಕು ಅಂತಲೇ ತಿಳಿಯಲಿಲ್ಲ ಅಂದಿದ್ದೀಯ. ಅದನ್ನು ಓದುವಾಗ ಕೆಳಗಿನ ಮನೆಯ ಪುಟಾಣಿ ನೆನಪಾದಳು.

ಅವಳು ಎರಡು ವರ್ಷದವಳಿದ್ದಾಗ ನನ್ನನ್ನು "ಆಯಿ" ಅಂತ ಕರೆದಳು. ನೀನು ಮುಖ ಊದಿಸಿಕೊಂಡಿದ್ದೆ. ಚೀನಿಯಲ್ಲಿ ಆಯಿ ಅಂದರೆ ಚಿಕ್ಕಿ ಇದ್ದ ಹಾಗೆ, ಅಕ್ಕಪಕ್ಕದ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ ಅಂತ ನಿನಗೂ ಗೊತ್ತಿತ್ತು. ಆದರೂ ಸಿಟ್ಟು. ನಮ್ಮ ಶಿರಸಿ ಕಡೆ ಅಮ್ಮನಿಗೆ ಇರುವ ಹೆಸರು ಅದು, ಅಲ್ವಾ?

ಈಗ ಅವಳು ಎರಡನೇ ಕ್ಲಾಸು. ಕೊರಳಲ್ಲಿ ಕೆಂಪು ಸ್ಕಾರ್ಫು. ಸಂಜೆ ಶಾಲೆಯ ಗೇಟಿನ ಹೊರಗೆ ನಿಂತವರಲ್ಲಿ ಅಪ್ಪ ಅಮ್ಮಂದಿರು ಕಮ್ಮಿ, ಅಜ್ಜ ಅಜ್ಜಿಯರೇ ಜಾಸ್ತಿ. ಮಗು ಹೊರಗೆ ಬಂದ ಕೂಡಲೇ ಬ್ಯಾಗು ಅಜ್ಜನ ಹೆಗಲಿಗೆ ಹೋಗುತ್ತದೆ. ಫ್ಲಾಸ್ಕಿನ ಬಿಸಿನೀರು ಮಗುವಿನ ಕೈಗೆ.

ಮೊನ್ನೆ ಮನೆಯವರ ಚಿತ್ರ ಬರೆದು ತರಲು ಶಾಲೆಯಲ್ಲಿ ಹೇಳಿದ್ದರಂತೆ. ನಮ್ಮ ಊಟದ ಮೇಜಿನ ಮೇಲೇ ಬರೆದಳು. ಮೇಲೆ ನಾಲ್ಕು ಜನ, ಅಪ್ಪನ ಕಡೆಯ ಅಜ್ಜ ಅಜ್ಜಿ, ಅಮ್ಮನ ಕಡೆಯ ಅಜ್ಜ ಅಜ್ಜಿ. ನಡುವೆ ಅಪ್ಪ ಅಮ್ಮ. ಕೆಳಗೆ ಅವಳೊಬ್ಬಳು. ಐದು ನಿಮಿಷದಲ್ಲಿ ಮುಗಿಯಿತು.

ಇದನ್ನು ಇಲ್ಲಿ ನಾಲ್ಕು-ಎರಡು-ಒಂದು ಅನ್ನುತ್ತಾರೆ. 1980ರ ಹೊತ್ತಿನಿಂದ 2015ರ ಕೊನೆಯವರೆಗೆ ಪಟ್ಟಣದ ಹೆಚ್ಚಿನ ಮನೆಗಳಿಗೆ ಒಂದೇ ಮಗುವಿನ ನಿಯಮ ಇತ್ತು. ಹಳ್ಳಿಯ ಕಡೆ ಒಂದಿಷ್ಟು ವಿನಾಯಿತಿ. ಇವಳ ಅಪ್ಪನೂ ಒಬ್ಬನೇ ಮಗ, ಅಮ್ಮನೂ ಒಬ್ಬಳೇ ಮಗಳು. ಹಾಗಾಗಿ ಇವಳಿಗೆ ಚಿಕ್ಕಪ್ಪ ಇಲ್ಲ, ಸೋದರತ್ತೆ ಇಲ್ಲ, ಸೋದರಮಾವ ಇಲ್ಲ.

ಪದಗಳು ಮಾತ್ರ ಎಲ್ಲವೂ ಇವೆ. ದೊಡ್ಡಪ್ಪ ಬೋಬೋ, ಚಿಕ್ಕಪ್ಪ ಶೂಶು, ಸೋದರತ್ತೆ ಗೂಗು, ಸೋದರಮಾವ ಜ್ಯೋಜ್ಯೋ. ಅಂಕಲ್ ಅಂತ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವ ಭಾಷೆ ಅಲ್ಲ, ನಮ್ಮದರ ಹಾಗೇ. ಆದರೆ ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೋದಾಗ ದೂರದ ನೆಂಟರನ್ನು ಏನಂತ ಕರೆಯಬೇಕು ಅಂತ ಲೆಕ್ಕ ಹಾಕಿ ಹೇಳುವ ಆ್ಯಪ್‌ಗಳು ಬಂದಿವೆ! ಈ ಪುಟಾಣಿಗೆ ಪಾರ್ಸೆಲ್ ತರುವವನು ಶೂಶು, ಗೇಟು ಕಾಯುವವನೂ ಶೂಶು. ಚಿತ್ರ ಮುಗಿಸಿ ಕೇಳಿದಳು, "ಆಯಿ, ನಿಮ್ಮ ಮನೆಯಲ್ಲಿ ನಿಜವಾದ ಶೂಶು ಇದ್ದಾರಾ?"

2016ರಿಂದ ಇಬ್ಬರು ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಮೂವರಿಗೆ. ಆದರೂ 2023ರಲ್ಲಿ ಇಡೀ ದೇಶದಲ್ಲಿ ಹುಟ್ಟಿದ್ದು ಸುಮಾರು 90 ಲಕ್ಷ ಮಕ್ಕಳು. ಅವಳ ಅಮ್ಮನನ್ನು ಕೇಳಿದೆ. "ಇವಳೊಬ್ಬಳನ್ನು ಬೆಳೆಸುವಷ್ಟರಲ್ಲೇ ಸಾಕಾಗಿದೆ" ಅಂದಳು. ಪಾಠದ ಟ್ಯೂಷನ್ ಅಂಗಡಿಗಳಿಗೆ 2021ರಲ್ಲಿ ಸರ್ಕಾರ ಬೀಗ ಹಾಕಿಸಿತು, ನಿಜ. ಆದರೆ ಪಿಯಾನೋ ಇದೆ, ಈಜು ಇದೆ. ಮುಂದೆ ಕಾಲೇಜು ಸೇರಲು ಬರೆಯಬೇಕಾದ, ಜೂನ್ ತಿಂಗಳ ಗಾವ್‌ಕಾವ್ ಪರೀಕ್ಷೆ ಇದೆ. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರೇ 1 ಕೋಟಿ 34 ಲಕ್ಷ. ಜೊತೆಗೆ ವಯಸ್ಸಾಗುತ್ತಿರುವ ನಾಲ್ಕು ಜನ ಹಿರಿಯರು, ನೋಡಿಕೊಳ್ಳಲು ಇವರಿಬ್ಬರೇ. ನನಗೆ ಎದುರು ಮಾತು ಹೊಳೆಯಲಿಲ್ಲ.

ಒಂದೇ ಮಗುವಾದರೆ ಮುದ್ದಿನಿಂದ ಕೆಡುತ್ತದೆ, ಪುಟ್ಟ ಚಕ್ರವರ್ತಿ ಆಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಹುಡುಗಿ ಕಿತ್ತಳೆ ಸುಲಿದರೆ ಮೊದಲ ತೊಳೆ ಅಜ್ಜನಿಗೆ.

ಕೂಸೇ, ನಮಗೆ ಯಾವ ಸರ್ಕಾರವೂ ಹೇಳಿರಲಿಲ್ಲ. ನೀನೊಬ್ಬಳೇ ಸಾಕು ಅಂತ ನಾನೂ ಅಪ್ಪಯ್ಯನೂ ನಾವಾಗಿಯೇ ಅಂದುಕೊಂಡೆವು. ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಳೆ ನಿನ್ನ ಮಕ್ಕಳಿಗೆ ಚಿಕ್ಕಿ ಯಾರು, ಸೋದರಮಾವ ಯಾರು? ನಿನಗೆ ತಮ್ಮನೋ ತಂಗಿಯೋ ಬೇಕು ಅಂತ ಅನ್ನಿಸಿತ್ತಾ? ನಾನು ಒಮ್ಮೆಯೂ ಕೇಳಲಿಲ್ಲ. ನಿನಗೆ ಅನ್ನಿಸಿದ್ದನ್ನೇ ಬರೆ.

ಮುಂಜಿಯ ಗುಂಪು ಫೋಟೋ ಕಳಿಸು. ಯಾರು ನಿನಗೆ ಏನಾಗಬೇಕು ಅಂತ ಅಜ್ಜಿಯನ್ನು ಕೇಳಿ ಒಬ್ಬೊಬ್ಬರ ಕೆಳಗೂ ಬರೆ. ಚೀನಿ ಪದ ನಾನು ಸೇರಿಸುತ್ತೇನೆ. ಪುಟಾಣಿ ದಿನಾ ಬಂದು ಕೇಳುತ್ತಿದ್ದಾಳೆ.

ನಿನ್ನ
ಆಯಿ